ಅಕ್ಕೋರು ಮತ್ತು ಕಿಸೆಯಿಲ್ಲದ ಮೀನು

“ಅಕ್ಕೋರಿಗೆ ಸಮುದ್ರಕುದುರೆ ಯಾವುದು, ಸಮುದ್ರ ಡ್ರ್ಯಾಗನ್ ಯಾವುದು ಎಂಬುದೇ ಗೊತ್ತಿರಲಿಲ್ಲ, ಮುದ್ದೇಬಿಹಾಳದ ತಾಲೂಕು ವಿಜ್ಞಾನ ಪ್ರದರ್ಶನಕ್ಕೆ ತಪ್ಪು ಮೀನು ತಂದು ನಗೆಗೀಡಾದರು.” ನಾಲತವಾಡದಿಂದ ಸಿಂದಗಿಯವರೆಗೆ ಮಾಸ್ತರರ ನಡುವೆ ಇಂದಿಗೂ ಓಡಾಡುವ ಮಾತಿದು. ಇದು ಸುಳ್ಳು. ಸುಳ್ಳೆಂದು ಎಲ್ಲರಿಗಿಂತ ಮೊದಲು ಬಲ್ಲವನು ನಾನು. ತೀರಿಹೋದವರು ಎದ್ದು ಬಂದು ಉತ್ತರ ಕೊಡಲಾರರು. ಆದ್ದರಿಂದ ನಾನು ಬರೆಯಬೇಕಾಗಿದೆ.

ಅಕ್ಕೋರ ಕನ್ನಡಕಕ್ಕೆ ಒಂದೇ ಕಡ್ಡಿ. ಮುರಿದ ಇನ್ನೊಂದರ ಜಾಗದಲ್ಲಿ ನನ್ನ ಹೊಲಿಗೆ ಅಂಗಡಿಯ ಕರಿ ಇಲಾಸ್ಟಿಕ್ ಪಟ್ಟಿ ಕಿವಿಯನ್ನು ಬಳಸಿ ಹೋಗುತ್ತಿತ್ತು. ಹೊಸದು ತೆಗೆದುಕೊಳ್ಳಿ ಎಂದರೆ, “ಕಣ್ಣಿಗೆ ಗಾಜು ಸಾಕ್ರಿ ಕಾಕಾ, ಕಡ್ಡಿ ಏನ್ ನೋಡ್ತದೇನ್ರಿ?” ಎನ್ನುತ್ತಿದ್ದರು. ನಾಲತವಾಡದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಸಾಲಿ ಬಿಟ್ಟ ಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅರ್ಧ ತಾಸು ವಾದ ಮಾಡದೆ ಮನೆಗೆ ಹೋಗುತ್ತಿರಲಿಲ್ಲ. ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವನು. ಉಳಿದ ವಿದ್ಯೆಯೆಲ್ಲ ರದ್ದಿಯಲ್ಲಿ ಆರಿಸಿದ ಪುಸ್ತಕಗಳಿಂದ ಬಂದದ್ದು. ಯಾರು ಏನು ಹೇಳಿದರೂ ನಂಬುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು.

ಅವರ ಸೇವೆಯ ಕೊನೆಯ ವರ್ಷ. ಅಷ್ಟು ವರ್ಷ ಅವರು ತಯಾರಿಸಿದ ಕಲಿಕೋಪಕರಣಗಳಲ್ಲಿ ಒಂದೂ ತಾಲೂಕು ದಾಟಿ ಜಿಲ್ಲೆಯ ಪ್ರದರ್ಶನಕ್ಕೆ ಹೋಗಿರಲಿಲ್ಲ. ಇದೊಂದು ಹೋಗಲೇಬೇಕೆಂದು ಅವರು ಹಟ ಹಿಡಿದಿದ್ದರು. ಆಸ್ಟ್ರೇಲಿಯಾದ ದಕ್ಷಿಣ ಮತ್ತು ಪಶ್ಚಿಮ ಕರಾವಳಿ ಬಿಟ್ಟರೆ ಬೇರೆಲ್ಲೂ ಇಲ್ಲದ ಸಮುದ್ರ ಡ್ರ್ಯಾಗನ್ ಎಂಬ ಮೀನನ್ನು ನಾನು ಬಟ್ಟೆಯಲ್ಲಿ ಹೊಲಿದು ಕೊಡಬೇಕಿತ್ತು.

ಮೊಬೈಲಿನಲ್ಲಿ ಅದನ್ನು ತೋರಿಸಿದರು. ಮೈತುಂಬ ಎಲೆ, ಕಡಲಕಳೆಯ ತುಂಡೊಂದು ತಾನಾಗಿ ಸರಿಯುತ್ತಿರುವಂತಿತ್ತು. “ಎಲಿ ಬಡದು ಈಸ್ತದೇನ್ರಿ?” ಎಂದೆ.

“ಇಲ್ರಿ. ಎಲಿ ಬರೇ ಸೋಗು, ಯಾರೂ ಗುರುತು ಹಿಡೀಬಾರದಂತ. ಬೆನ್ನಿನ ಮ್ಯಾಲೆ, ಕುತ್ತಿಗಿ ಹಂತೇಕ ಗಾಜಿನಂಥಾ ರೆಕ್ಕಿ ಅದಾವ, ನೋಡ್ರಿ. ಅವ ಅಲಗಾಡಾಕತ್ತಾವ.”

ಬಹಳ ಹೊತ್ತು ನೋಡಿದ ಮೇಲೆ ಕಂಡವು. ಹೊಸ ಅಂಗಿಯ ಕಾಲರಿನೊಳಗೆ ಬರುವ ತೆಳು ಪ್ಲಾಸ್ಟಿಕ್ಕನ್ನು ಕತ್ತರಿಸಿ ಆ ರೆಕ್ಕೆಗಳನ್ನು ಮಾಡಿದೆ. ಆ ಮೀನಿಗೆ ಹಲ್ಲಿಲ್ಲ, ಜಠರವೂ ಇಲ್ಲವೆಂದು ಅವರು ಹೇಳಿದಾಗ ಮತ್ತೆ ತಕರಾರು ತೆಗೆದೆ. ಮರುದಿನ ಅವರು ಪಪ್ಪಾಯಿ ಎಲೆಯ ಪೊಳ್ಳು ದಂಟನ್ನು ತಂದು, ಬಟ್ಟಲಿನ ನೀರಲ್ಲಿದ್ದ ನೆನೆದ ಸಾಬೂದಾಣಿಯನ್ನು ಸುರ್ರೆಂದು ಹೀರಿ ತೋರಿಸಿದರು. “ಸಣ್ಣ ಸಣ್ಣ ಸಿಗಡಿ ಹಿಂಗ ಒಳಗ ಹೊಕ್ಕಾವ. ಹಲ್ಲು ಯಾಕ ಬೇಕ್ರಿ?” ಬಜಾರಿನಲ್ಲಿ ನಾಲ್ಕು ಜನ ನಿಂತು ನಕ್ಕರು, ಅವರೂ ನಕ್ಕರು.

ಗಂಡೇ ತತ್ತಿ ಹೊರುತ್ತದೆ ಎಂಬುದನ್ನು ನಾನು ಒಪ್ಪಿದ್ದೆ, ಏಕೆಂದರೆ ನನ್ನ ರದ್ದಿ ಪುಸ್ತಕದಲ್ಲೂ ಹಾಗೇ ಇತ್ತು. ಆದರೆ ಈ ಕುಲದ ಗಂಡುಮೀನುಗಳು ಹೊಟ್ಟೆಯ ಚೀಲದಲ್ಲಿ ತತ್ತಿ ಹೊರುತ್ತವೆ ಎಂದು ಪುಸ್ತಕ ಹೇಳುತ್ತಿತ್ತು. ಅಕ್ಕೋರು ತಲೆಯಾಡಿಸಿದರು. “ಅದು ಕುದುರಿ ಮೀನಿನ ಮಾತ್ರಿ. ಇದಕ್ಕ ಕಿಸೆ ಇಲ್ಲ. ಹೆಣ್ಣು ಬಂದು ಗಂಡಿನ ಬಾಲದ ಅಡಿಗೆ ತತ್ತಿ ಅಂಟಸ್ತದ. ಹೊರಗ ಕಾಣೂಹಂಗ ಇರ್ತಾವ.”

“ಗಂಡಸಿಗೆ ಕಿಸೆ ಇಲ್ಲದಿದ್ರ ಹ್ಯಾಂಗ್ರಿ ಅಕ್ಕೋರ?”

“ಇಂವ ನಿಮ್ಮ ಗಿರಾಕಿ ಅಲ್ರಿ ಕಾಕಾ. ಕಿಸೆ ಹಚ್ಚಬ್ಯಾಡ್ರಿ.”

ಬಾಲದಡಿ ಗುಲಾಬಿ ಮಣಿಗಳನ್ನು ಹೊಲಿದೆ. ಪ್ರದರ್ಶನದ ಹಿಂದಿನ ಸಂಜೆ ಪುಸ್ತಕವನ್ನು ಮತ್ತೆ ತೆರೆದೆ. ಅಚ್ಚಾದ ಪುಸ್ತಕ ಒಂದು ಕಡೆ, ಮೊಬೈಲಿನ ಚಿತ್ರ ಇನ್ನೊಂದು ಕಡೆ. ಅಕ್ಕೋರು ತಪ್ಪಿ ನಗೆಗೀಡಾಗಬಾರದೆಂದು ನನಗೆ ನಾನೇ ಹೇಳಿಕೊಂಡು, ಮಣಿಗಳನ್ನು ಬಿಚ್ಚಿ, ಹೊಟ್ಟೆಗೊಂದು ಅಂದವಾದ ಕಿಸೆ ಹಚ್ಚಿ, ಅವನ್ನು ಅದರಲ್ಲಿ ತುಂಬಿದೆ. ಮುಂಜಾನೆ ಮೀನನ್ನು ಅವರಿಗೆ ತೋರಿಸದೆ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅವರೊಂದಿಗೆ ನಾನೂ ಬಸ್ಸು ಹತ್ತಿದೆ.

ಬಸ್ಸು ತಡವಾಯಿತು. ನಾವು ಮುಟ್ಟಿದಾಗ ಪರೀಕ್ಷಕರು ನಮ್ಮ ಮೇಜಿನ ಮುಂದೆಯೇ ನಿಂತಿದ್ದರು. ಬಸವನ ಬಾಗೇವಾಡಿ ಕಡೆಯ ಆ ಹಿರಿಯರು ಪ್ರಾಣಿಶಾಸ್ತ್ರ ಬಲ್ಲವರು. ಅಕ್ಕೋರು ಸುತ್ತಿದ ಬಟ್ಟೆಯ ಹೊಲಿಗೆ ಬಿಚ್ಚಿದರು. ಕಿಸೆ ಕಂಡಿತು.

“ಅಕ್ಕೋರ, ಡ್ರ್ಯಾಗನ್ನಿಗೆ ಚೀಲ ಎಲ್ಲಿಂದ ಬಂತ್ರಿ? ಇದು ಸಮುದ್ರಕುದುರಿ ಲಕ್ಷಣ. ಮಕ್ಕಳಿಗೆ ಹಿಂಗ ಕಲಸ್ತೀರೇನು?”

ಸುತ್ತಲಿನ ಮಾಸ್ತರರು ನಕ್ಕರು. ಅಕ್ಕೋರು ಒಂದು ಕ್ಷಣ ನನ್ನತ್ತ ನೋಡಿದರು. ನಾನು ಬಾಯಿ ಬಿಡಲಿಲ್ಲ. “ತಪ್ಪು ನಂದ್ರಿ ಸರ್,” ಎಂದರು. “ನೋಡಿ ತರಬೇಕಿತ್ತು.”

ಹಿಂದಿರುಗುವಾಗ ಬಸ್ಸಿನಲ್ಲಿ ಮೀನನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲಿನ ಪಿನ್ನಿನಿಂದ ಕಿಸೆಯ ದಾರವನ್ನು ಒಂದೊಂದೇ ಎಳೆದು ಬಿಚ್ಚಿದರು. ನಾಲತವಾಡ ಹತ್ತಿರವಾದಾಗ ಒಂದೇ ಮಾತು ಆಡಿದರು: “ಹೊಲಿಗಿ ಚಂದಾಗಿತ್ರಿ ಕಾಕಾ. ಮೀನ ಬ್ಯಾರೆ ಆತು.”

ಮರುದಿನ ಸಂಜೆ ಎಂದಿನಂತೆ ಮೆಟ್ಟಿಲಿಗೆ ಬಂದರು. ಡ್ರ್ಯಾಗನ್ ಜೋಡಿಗಳು ಎದುರುಬದುರು ನಿಂತು ಒಂದು ಮಾಡಿದಂತೆಯೇ ಇನ್ನೊಂದು ಮಾಡುತ್ತ ಕುಣಿಯುತ್ತವೆ ಎಂದು ವಿವರಿಸಿದರು. ಆ ಕಿಸೆಯ ಮಾತನ್ನು ಕೊನೆಯವರೆಗೂ ಎತ್ತಲಿಲ್ಲ, ಎತ್ತಬೇಕಾದವನು ನಾನಾಗಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿಯೂ ಒಬ್ಬರು ಆ ತಪ್ಪು ಮೀನಿನ ಕಥೆ ಹೇಳಿ ನಗಿಸಿದರು. ಅಲ್ಲಿಯೂ ನನಗೆ ಎದ್ದು ನಿಲ್ಲಲಾಗಲಿಲ್ಲ.

ನನ್ನ ಬಾಯಿಮಾತನ್ನು ಈಗ ಯಾರೂ ನಂಬಬೇಕಾಗಿಲ್ಲ. ಪ್ರದರ್ಶನದ ವರ್ಷ ಅಕ್ಕೋರ ಕೈಯಲ್ಲಿ ಒಂಬತ್ತನೇ ಇಯತ್ತೆ ಓದಿದ ಹುಡುಗಿ ಇಂದು ಇಂಡಿ ತಾಲೂಕಿನ ತಾಂಬಾದಲ್ಲಿ ನರ್ಸ್. ಅವಳನ್ನು ಹುಡುಕಿಕೊಂಡು ಹೋದೆ. ಟ್ರಂಕಿನಿಂದ ಆ ವರ್ಷದ ವಿಜ್ಞಾನದ ನೋಟುಬುಕ್ಕನ್ನು ತೆಗೆದು ಕೊಟ್ಟಳು. ಅದರಲ್ಲಿ ಮೀನಿನ ಚಿತ್ರವಿದೆ. ಕೆಳಗೆ ಬಾಲಕಿಯ ಅಕ್ಷರದಲ್ಲಿ, “ಇದಕ್ಕೆ ಹೊಟ್ಟೆಚೀಲ ಇರುವುದಿಲ್ಲ. ತತ್ತಿಗಳು ಗಂಡಿನ ಬಾಲದಡಿ ಹೊರಗೆ ಅಂಟಿರುತ್ತವೆ” ಎಂದಿದೆ. ಪಕ್ಕದಲ್ಲಿ ಅಕ್ಕೋರ ಕೆಂಪು ಮಸಿಯ ಸಹಿ. ಅದರಡಿ ತಾರೀಖು, ಪ್ರದರ್ಶನಕ್ಕಿಂತ ಒಂದು ವಾರ ಮುಂಚಿನದು. ಬಂದವರಿಗೆ ತೋರಿಸಲು ಆಕೆ ಒಪ್ಪಿದ್ದಾಳೆ.