ಮಲಕಮ್ಮನ ಹೊಲದಲ್ಲಿ ಕುರಿ

ಸುಗ್ಗಿ ಮುಗಿದು ಹೊಲ ಬಯಲಾಯಿತೆಂದರೆ ನಮ್ಮ ಸುರಪುರದ ಕಡೆ ಊರಿಗೊಬ್ಬ ಮಲಕಮ್ಮ ಕುರಿಹಿಂಡಿನ ಹಾದಿ ಕಾಯುತ್ತ ಕೂಡುತ್ತಾಳೆ. ಈ ಕೆಂಪು ಮಸಾರಿ ಮಣ್ಣಿನಲ್ಲಿ ನೀರೂ ನಿಲ್ಲದು, ಸತ್ವವೂ ನಿಲ್ಲದು. ಹಿಂಡು ನಾಲ್ಕು ರಾತ್ರಿ ಮಲಗಿ ಹಿಕ್ಕಿ ಉದುರಿಸಿದರೆ ಮುಂದಿನ ಸಜ್ಜೆ ಎದೆಯುದ್ದ. ಬೀಗರಿಗೆ ಬರೀ ಚಹಾ ಕೊಡುವ ನಮ್ಮೂರ ಮಲಕಮ್ಮ ಕುರಿಗಾರರಿಗೆ ಹೋಳಿಗೆ ಬಡಿಸುತ್ತಾಳೆ. ಮುಂದಾಳು ಟಗರಿಗೆ ಆರತಿ ಎತ್ತುವುದೊಂದೇ ಬಾಕಿ. ನಾನೂ ಒಮ್ಮೆ ಹಿಂಡನ್ನು ಕರೆಯಲು ಹೋಗಿ, "ಮಾಸ್ತರ, ನಿಮ್ಮ ಹೊಲದಾಗ ಬರೇ ಕಲ್ಲು. ಕುರಿಗೂ ಬೆನ್ನು ಐತ್ರಿ" ಎಂದು ಆಕೆಯಿಂದ ಅನ್ನಿಸಿಕೊಂಡೆ. ಈ ವರ್ಷ ಅವಳ ಮಕ್ಕಳಿಬ್ಬರು ಹೊಲ ಹಂಚಿಕೊಂಡು ಮಾತು ಬಿಟ್ಟಿದ್ದಾರೆ. ಹಿಂಡು ಯಾರ ಪಾಲಿನಲ್ಲಿ ಮಲಗೀತೆಂದು ಊರಿಗೆಲ್ಲ ಕುತೂಹಲ; ಎಲ್ಲರಿಗಿಂತ ಮೊದಲು ಹೋಗಿ ನಿಂತವನು ನಾನೇ. ಅಣ್ಣ ತಮ್ಮ ತಂತಮ್ಮ ಪಾಲಿನಲ್ಲಿ ನಿಂತು "ಇತ್ತ ಬರ್ರಿ, ಇತ್ತ ಬರ್ರಿ" ಎಂದು ಕೂಗುತ್ತಿದ್ದರು. ಮಲಕಮ್ಮ ನಡುವಿನ ಒಡ್ಡನ್ನು ತೋರಿಸಿ ಕುರಿಗಾರನಿಗೆ, "ಇದರ ಮ್ಯಾಲೇ ಹಟ್ಟಿ ಹಾಕಪಾ, ಅರ್ಧ ಆ ಕಡಿ, ಅರ್ಧ ಈ ಕಡಿ" ಎಂದಳು. ಹಿಂಡಿನ ಸುತ್ತ ಕಟ್ಟುವ ಬಲೆಯ ಒಂದು ತುದಿ ದೊಡ್ಡವನ ಕೈಗೆ, ಇನ್ನೊಂದು ಸಣ್ಣವನ ಕೈಗೆ ಕೊಟ್ಟಳು. ಇಬ್ಬರೂ ಮುಖ ತಿರುಗಿಸಿಕೊಂಡೇ ಹಿಡಿದರು. ಬಲೆ ಜೋತುಬಿತ್ತು, ಮರಿಯೊಂದು ಹೊರಗೆ ಜಿಗಿಯಿತು. "ಬಿಗೀ ಜಗ್ಗೋ ತಮ್ಮಾ!" ಎಂದು ದೊಡ್ಡವನು ಕೂಗಿಯೇಬಿಟ್ಟ.