ದೀಪ ಉರಿಯುವ ಅಂಗಡಿಗೆ ಬೀಗ

ಮಣಿಕಟ್ಟಿನಿಂದ ಮೊಳಕೈವರೆಗೆ ಹಸಿರು ಹಚ್ಚೆ, ಅದರ ಮೇಲೆ ಎಷ್ಟು ತೊಳೆದರೂ ಹೋಗದ ಬೆಲ್ಲದ ಪುಡಿ. ನನ್ನ ಸೋದರತ್ತೆಯನ್ನು ನೆನೆದರೆ ಮೊದಲು ಕಾಣುವುದು ಆ ಬಲಗೈ. ಕಂಪ್ಲಿಯ ಗಾಣಗಳಿಂದ ಬಂಡಿಯಲ್ಲಿ ಬಂದ ಬೆಲ್ಲದ ಅಚ್ಚನ್ನು ಅಂಗೈಯ ಬುಡದಿಂದ ಗುದ್ದಿ, ಒಡೆದ ಸದ್ದಿನಿಂದಲೇ ಪಾಕದ ಹದ ಹೇಳುತ್ತಿದ್ದಳು. ಹೊಸಪೇಟೆಯ ಪೇಟೆಬೀದಿಯಲ್ಲಿ ಆಕೆಯದು ಬಾಡಿಗೆಯ ಬೆಲ್ಲದಂಗಡಿ. ಗಂಡ ತೀರಿಕೊಂಡ ಮೇಲೆ ಸೊಸೆಯೊಂದಿಗಿನ ಆಕೆಯ ಸಂಸಾರವೂ ನನ್ನ ಕಾಲೇಜು ಓದೂ ಅದರಿಂದಲೇ ಸಾಗುತ್ತಿದ್ದವು.

ಆ ಅಂಗಡಿಸಾಲಿನ ಮಾಲೀಕರು ಕಟ್ಟಡವನ್ನು ಬಳ್ಳಾರಿಯ ಸಾಹುಕಾರರಿಗೆ ಒತ್ತೆಯಿಟ್ಟು, ಸಾಲ ತೀರಿಸಲಾರದೆ ಹೋದರು. ಸಾಹುಕಾರರು ದಾವೆ ಹೂಡಿದರು. ಕಟ್ಟಡ ಹರಾಜಿನ ದಾರಿ ಹಿಡಿಯಿತು. ಇದು ಎರಡನೆಯ ಮಹಾಯುದ್ಧಕ್ಕೆ ಮೊದಲೆಂದು ನನ್ನ ತಂದೆ ಹೇಳುತ್ತಿದ್ದರು. ಆದರೆ ಆಗ ಸೀಮೆಎಣ್ಣೆಗೆ ಸರದಿ ನಿಂತದ್ದು ನನಗೆ ಸ್ಪಷ್ಟವಾಗಿ ನೆನಪಿದೆ; ಆದ್ದರಿಂದ ಯುದ್ಧಕಾಲವೆಂದೇ ನನ್ನ ನಿರ್ಣಯ.

ಒಂದೇ ದಿನ ಮಾಲೀಕರೂ ಸಾಹುಕಾರರ ಗುಮಾಸ್ತರೂ ಬಾಡಿಗೆ ತಮಗೇ ಸೇರಬೇಕೆಂದು ಕೇಳಲು ಬಂದರು. ಅತ್ತೆ ಇಬ್ಬರ ಮುಂದೂ ಬೆಲ್ಲ, ನೀರು ಇಟ್ಟಳು.

"ಕುಂದ್ರಿ ಮೊದಲ. ಒಬ್ಬ ಸೊಸಿಗೆ ಇಬ್ಬರು ಅತ್ತಿ ಆದ್ರ ಯಾರ ಕಾಲಿಗೆ ಬೀಳಬೇಕ್ರಿ? ನೀವ ಬಗಿಹರಿಸಿಕೊಳ್ರಿ. ಅಲ್ಲಿತನಕ ಬಾಡಗಿ ಕೋರ್ಟಿನಾಗ ಕಟ್ಟತೀನಿ."

"ಹೆಂಗಸಿಗೆ ಕೋರ್ಟು ಯಾಕ?" ಎಂದರು ಮಾಲೀಕರು.

"ನಿಮಗ ಯಾಕ ಬೇಕಾತೋ ಅದಕ್ಕ."

ನೆರೆಯ ಅಂಗಡಿಯವರು ರಿಯಾಯಿತಿಯ ಆಸೆಗೆ ಮಾಲೀಕರಿಗೇ ಗುಟ್ಟಾಗಿ ಬಾಡಿಗೆ ಕೊಟ್ಟರು. ಅತ್ತೆ ವಕೀಲರ ಮೂಲಕ ಮುನ್ಸೀಫ್ ಕೋರ್ಟಿನಲ್ಲಿ ಬಾಡಿಗೆ ಕಟ್ಟಿ, ತನ್ನನ್ನು ಬಿಡಿಸದಂತೆ ಅರ್ಜಿ ಹಾಕಿದಳು. ಆದೇಶ ಬರುವ ಮೊದಲೇ ಆಕೆಯನ್ನು ಹೊರದೂಡಲು ಮಾಲೀಕರು ಬೀಗ ಹಿಡಿದು, ಹಮಾಲನೊಬ್ಬನನ್ನು ಕರೆದುಕೊಂಡು ಬಂದರು.

ಪೇಟೆಯಲ್ಲೊಂದು ಕಟ್ಟಳೆಯಿತ್ತು. ಒಳಗೆ ದೀಪ ಉರಿಯುವ ಅಂಗಡಿಗೆ ಅನ್ಯರು ಬೀಗ ಹಾಕುವಂತಿಲ್ಲ. ಹಾಕಿದರೆ ಲಕ್ಷ್ಮಿಯನ್ನು ಸೆರೆಯಲ್ಲಿಟ್ಟಂತೆ. ಅತ್ತೆ ನಡುಹಗಲಿನಲ್ಲೇ ದೀಪ ಹಚ್ಚಿಟ್ಟು ಕುಳಿತಿದ್ದಳು.

"ಲೇ, ಆರಿಸಲೇ ಅದನ್ನ" ಎಂದರು ಮಾಲೀಕರು.

ಹಮಾಲ ಕೈಕಟ್ಟಿ ನಿಂತ. "ಮೂಟಿ ಹೊರು ಅನ್ರಿ, ಹೊರತೀನಿ. ಇದು ಬ್ಯಾಡ್ರಿ ಧಣಿ. ನೀವ ಆರಿಸ್ರಿ."

ಬೀದಿಯೆಲ್ಲ ನೋಡುತ್ತಿತ್ತು. ಮಾಲೀಕರ ಕೈ ದೀಪದತ್ತ ಹೋಗಲಿಲ್ಲ.

"ಬೀಗ ಭಾಳ ಭಾರ ಐತಿ ಕಾಣ್ತೈತಿ" ಎಂದಳು ಅತ್ತೆ. "ಇಲ್ಲೇ ಇಟ್ಟು ಹೋಗ್ರಿ. ತೂಕದ ಕಲ್ಲು ಒಂದು ಕಡಿಮಿ ಬಿದ್ದೈತಿ."

ಮೊದಲು ನಕ್ಕವನು ಹಮಾಲ. ಮಾಲೀಕರು ಬಂದ ದಾರಿಯಲ್ಲೇ ಹೊರಟರು. ಮುಂದೆ ಹಗಲು ಅತ್ತೆ, ಇರುಳು ಆಕೆಯ ಸೊಸೆ ಎಣ್ಣೆ ಎರೆಯುತ್ತ ಕಾದರು. ಕೊನೆಗೆ ಆದೇಶ ಬಂತು: ಬಾಡಿಗೆಯನ್ನು ಕಟ್ಟಡ ನೋಡಿಕೊಳ್ಳಲು ಕೋರ್ಟು ನೇಮಿಸಿದ ರಿಸೀವರರೇ ಪಡೆಯಬೇಕು, ಕೋರ್ಟಿನಲ್ಲಿ ಬಾಡಿಗೆ ಕಟ್ಟಿದವರನ್ನು ಕದಲಿಸಕೂಡದು. ಗುಟ್ಟಾಗಿ ಕೊಟ್ಟವರು ಮತ್ತೊಮ್ಮೆ ತೆರಬೇಕಾಯಿತು. ಹರಾಜಿನಲ್ಲಿ ಕಟ್ಟಡ ಕೊಂಡ ಸಾಹುಕಾರರು ತಾವೇ ಅಂಗಡಿಗೆ ಬಂದು, "ಹಳೇ ಬಾಡಗಿಗೇ ಇರ್ರೀ ತಾಯಿ" ಎಂದರು. ಅಂದು ಬೀದಿಯ ಪ್ರತಿ ಅಂಗಡಿಗೂ, ಹಳೆಯ ಮಾಲೀಕರ ಮನೆಗೂ, ಅತ್ತೆ ಬೆಲ್ಲ ಕಳಿಸಿದಳು.

ನನ್ನ ಪದವಿ, ನನ್ನ ಸಂಶೋಧನೆ, ಎಲ್ಲವೂ ಆ ಗೆಲುವಿನ ಋಣ. ಕೊನೆಯವರೆಗೂ ಆ ಅಂಗಡಿಯಲ್ಲಿ ಬಾಡಿಗೆಗಿದ್ದೇ ಆಕೆ ತೀರಿಕೊಂಡಳು. ನಾನು ಸಂಬಳ ಕಾಣತೊಡಗಿದಾಗ, ಅದನ್ನು ಕೊಂಡುಬಿಡೋಣವೆಂದು ಕೇಳಿದ್ದೆ.

"ಬ್ಯಾಡೋ ತಮ್ಮಾ" ಎಂದಿದ್ದಳು. "ಮಾಲೀಕಿ ಆದ್ರ ಒತ್ತಿ ಇಡಾಕ ಮನಸಾಗತೈತಿ. ಬಾಡಗಿಯಾಕಿನ್ನ ಯಾರು ಹರಾಜಿಗೆ ಹಾಕ್ತಾರ?"