ತಿಮರೆ ಚಟ್ನಿಯ ಪರೀಕ್ಷೆ

ಅಕ್ಕನ ಬೆರಳ ತುದಿಗಳು ಸದಾ ಸಿಪ್ಪೆ ಎದ್ದು ಒರಟಾಗಿರುತ್ತಿದ್ದವು. ತುರ್ಭೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ದಿನವಿಡೀ ಗಿಡಮೂಲಿಕೆಗಳ ಸಾರ ತೆಗೆಯುವ ಕೆಲಸ. ಸ್ಪಿರಿಟ್ಟಿಗೆ ಚರ್ಮ ಒಣಗುತ್ತಿತ್ತು. ಮುಂಬೈ ಬಳಿಯ ಡೊಂಬಿವಲಿಯಲ್ಲಿ ಅವರದು ನಮ್ಮ ಎದುರು ಮನೆ. ಅವರು ಉಡುಪಿ ಕಡೆಯವರು, ನಾನು ಧಾರವಾಡದವಳು. ಅಕ್ಕ ಎಂದೇ ಕರೆಯುತ್ತಿದ್ದೆ.

ಒಂದೆಲಗಕ್ಕೆ ಅವರು ತಿಮರೆ ಎನ್ನುತ್ತಿದ್ದರು. ಅವರ ಲ್ಯಾಬಿನಲ್ಲಿ ಅದರ ಸಾರ ಕುಡಿದ ಇಲಿಗಳು ದಾರಿ ನೆನಪಿಟ್ಟುಕೊಳ್ಳುತ್ತವಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಪರೀಕ್ಷೆಯ ಕಾಲಕ್ಕೆ ನಮ್ಮ ಹೌಸಿಂಗ್ ಸೊಸೈಟಿಯ ತಾಯಂದಿರೆಲ್ಲ ಇವರ ಬಾಗಿಲಿಗೆ. "ಇಲಿಗೆ ಆದದ್ದು ಮನುಷ್ಯನಿಗೂ ಆಗ್ತದೆ ಅಂತ ಯಾರು ಹೇಳಿದ್ದು? ಮಕ್ಕಳನ್ನು ನಿದ್ದೆ ಮಾಡ್ಲಿಕ್ಕೆ ಬಿಡಿ," ಎಂದು ಸಾಗಹಾಕುತ್ತಿದ್ದರು.

ಕೊನೆಗೆ ಅಲ್ಝೈಮರ್ ಬಂದದ್ದು ಅವರ ಗಂಡನಿಗೇ. ಬ್ಯಾಂಕಿನಲ್ಲಿದ್ದ ಭಾವ, ಹೆಂಡತಿಯನ್ನು ಮನೆಗೆಲಸದವಳೆಂದು ತಿಳಿದು "ಬಾಯಿ, ಚಹಾ ಕೊಡಿ" ಎನ್ನತೊಡಗಿದರು. ಊರಿಂದ ನಾದಿನಿಯ ಫೋನು: "ಅತ್ತಿಗೆ, ಊರಿಗೆಲ್ಲ ಮದ್ದು ಮಾಡ್ತೀರಿ, ಅಣ್ಣನಿಗೆ ಯಾಕೆ ಕೊಡುದಿಲ್ಲ?" ಅಕ್ಕ ಕೊಡಲಿಲ್ಲ. ಮನುಷ್ಯರ ಮೇಲೆ ಪರೀಕ್ಷೆಯಾಗದ ಸಾರವನ್ನು ಲ್ಯಾಬಿನಿಂದ ಮನೆಗೆ ತರುವ ಹೆಂಗಸಲ್ಲ ಅವರು. ಆದರೆ ಎಲೆ ಊಟದ ಪದಾರ್ಥವಷ್ಟೆ. ತಿಮರೆಯ ಕುಂಡವನ್ನು ತಂದು ನನ್ನ ಬಾಲ್ಕನಿಯಲ್ಲಿಟ್ಟರು. ಅಕ್ಕ ಕೆಲಸಕ್ಕೆ ಹೋದಾಗ ಭಾವನಿಗೆ ಮಧ್ಯಾಹ್ನ ಊಟ ಬಡಿಸುತ್ತಿದ್ದವಳು ನಾನೇ.

"ಒಂದು ವಾರ ತಿಮರೆ ಚಟ್ನಿ ಮಾಡು, ಇನ್ನೊಂದು ವಾರ ಕೊತ್ತಂಬರಿ ಸೊಪ್ಪಿದು. ಯಾವಾಗ ಯಾವುದು ಅಂತ ನನಗೆ ಹೇಳ್ಬೇಡ. ಗೊತ್ತಾದ್ರೆ ಇಲ್ಲದ್ದೆಲ್ಲ ಉಂಟು ಅಂತ ಕಾಣ್ಲಿಕ್ಕೆ ಶುರುವಾಗ್ತದೆ," ಎಂದರು ಅಕ್ಕ.

ನನಗೆ ಸಿಟ್ಟೇ ಬಂತು. ಗಂಡನೇನು ಇಲಿಯೇ? ಆದರೂ ಮಾಡಿದೆ. ಸಂಜೆ ಠಾಣೆಯಲ್ಲಿ ಟ್ರೇನು ಬದಲಿಸಿ, ಗರ್ದಿಯಲ್ಲಿ ಹಿಂಡಿ ಹಿಪ್ಪೆಯಾಗಿ ಬಂದ ಅಕ್ಕ ನೀರು ಕೂಡ ಕುಡಿಯದೆ ಗಂಡನ ಮುಂದೆ ಕೂತು "ನಾನು ಯಾರು?" ಎಂದು ಕೇಳುತ್ತಿದ್ದರು. "ಬಾಯಿ." ತಿಂಗಳುಗಟ್ಟಲೆ ಅದೇ ಪ್ರಶ್ನೆ, ಅದೇ ಉತ್ತರ. ನೋಡಿ ನೋಡಿ ನಾನೇ ಬೇಸತ್ತುಹೋದೆ. ಬಿಟ್ಟುಬಿಡಿ ಎಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಸಂಜೆ ಅಕ್ಕ ಕೇಳುವ ಮೊದಲೇ ಭಾವ ಅವರನ್ನು ಹೆಸರು ಹಿಡಿದು ಕರೆದರು. "ತಡ ಆಯ್ತಲ್ಲ, ಟ್ರೇನು ಸಿಗ್ಲಿಲ್ವಾ?" ಎಂದರು. ಅಕ್ಕ ಓಡಿಬಂದು ನನ್ನ ಬಾಗಿಲು ಬಡಿದರು.

"ಈ ವಾರ ಯಾವುದು? ಹೇಳು ಮಾರಾಯ್ತಿ."

ತಿಮರೆ ಎನ್ನುವ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮುಖ ನೋಡಿ ಹೇಳಲಾಗಲಿಲ್ಲ.

"ಕೊತ್ತಂಬರಿರೀ ಅಕ್ಕಾ."

ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. "ಹಾಗಾದ್ರೆ ಮದ್ದು ಅಲ್ಲ," ಎಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅವರೇ ಕರೆದದ್ದು," ಎಂದರು.

ಭಾವ ಮತ್ತೊಮ್ಮೆ ಹಾಗೆ ಕರೆಯಲಿಲ್ಲ. ಈಗ ಇಬ್ಬರೂ ಇಲ್ಲ. ನನ್ನ ಅತ್ತೆಗೂ ಮರೆವು ಹಿಡಿದು ಕೆಲವು ವರ್ಷಗಳಾದವು. ಔಷಧಿ, ಕಷಾಯ, ಲೇಹ್ಯ ಎಲ್ಲ ನಡೆದಿವೆ. ಅಪರೂಪಕ್ಕೆ ಅವರು ನನ್ನ ಹೆಸರು ಹಿಡಿದು ಕರೆದಾಗ, ಯಾವುದರಿಂದ ಎಂದು ನಾನು ಯೋಚಿಸುವುದಿಲ್ಲ. ಗ್ಯಾಸ್ ಆರಿಸಿ, ಹೋಗಿ ಅವರ ಪಕ್ಕದಲ್ಲಿ ಕೂರುತ್ತೇನೆ.